ಹಿಟ್‌ಮ್ಯಾನ್ ಮೂರು ಆಟ, ಜೇಬು ಒಂದೇ: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಮೊದಲೇ ಹೇಳಿಬಿಡುತ್ತೇನೆ. ಹಿಟ್‌ಮ್ಯಾನ್ ಎಂಬ ವಿಡಿಯೊ ಗೇಮ್ ಸರಣಿಯಲ್ಲಿ ಒಂದೇ ಒಂದು ಆಟಕ್ಕೆ ದುಡ್ಡಿದೆ ಅನ್ನುವವರು ವರ್ಲ್ಡ್ ಆಫ್ ಅಸ್ಯಾಸಿನೇಷನ್ ಕೊಳ್ಳಿ, ಅದೂ ಸೇಲ್ ಬರುವ ತನಕ ಕಾದು. ಇನ್ನೊಂದಕ್ಕೂ ಜೇಬು ಒಪ್ಪಿದರೆ 2006ರ ಬ್ಲಡ್ ಮನಿ. 2012ರ ಅಬ್ಸೊಲ್ಯೂಷನ್ ಮಾತ್ರ ಸೇಲಿನಲ್ಲಿ ಮಸಾಲೆದೋಸೆ ದರಕ್ಕೆ ಸಿಕ್ಕರೂ ಯೋಚಿಸಿಯೇ ಕೊಳ್ಳಿ. ಮೂರನ್ನೂ ಒಂದರ ಪಕ್ಕ ಒಂದಿಟ್ಟು ಆಡಿದರೆ ಈ ಸರಣಿ ಎಲ್ಲಿ ದಾರಿ ತಪ್ಪಿತು, ಹೇಗೆ ವಾಪಸ್ ಬಂತು ಅನ್ನುವುದು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಗ್ರಾಫಿಕ್ಸು, ಮೆಮೊರಿ, ಕಾರ್ಡು ಇತ್ಯಾದಿ ಅಂಗಡಿಯ ಪುಟದಲ್ಲೇ ಇರುವುದರಿಂದ ಇಲ್ಲಿ ಆ ಮಾತಿಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಸಾಲು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಐಒ ಇಂಟರಾಕ್ಟಿವ್ 2000ದಲ್ಲಿ ಶುರು ಮಾಡಿದ ಸರಣಿ ಇದು. ಬೋಳು ತಲೆ, ಹಿಂದೆ ಬಾರ್‌ಕೋಡು, ಕೆಂಪು ಟೈ ಇರುವ ಬಾಡಿಗೆ ಹಂತಕ ಏಜೆಂಟ್ 47 ಇದರ ನಾಯಕ. 2002, 2004, 2006ರಲ್ಲಿ ಒಂದೊಂದು ಆಟ ಬಂತು. ನಮ್ಮ ಕಡೆ ಸೈಬರ್ ಕೆಫೆಗಳ ಕಾಲದಲ್ಲಿ ಬೆಳೆದವರಿಗೆ ಹಿಟ್‌ಮ್ಯಾನ್ ಅಂದರೆ ಬಹುಪಾಲು ಇವೇ. ಆರು ವರ್ಷದ ಬಿಡುವಿನ ಮೇಲೆ ಬಂದ ಅಬ್ಸೊಲ್ಯೂಷನ್ ಹಳೆಯ ಆಟಗಾರರನ್ನು ಕೆರಳಿಸಿತು. 2016ರಲ್ಲಿ ಬರೀ ‘ಹಿಟ್‌ಮ್ಯಾನ್’ ಅನ್ನುವ ಹೆಸರಲ್ಲಿ ಕಂತು ಕಂತಾಗಿ ಹೊಸ ಆಟ ಬಿಟ್ಟರು. 2017ರಲ್ಲಿ ಮಾಲೀಕ ಕಂಪನಿ ಸ್ಕ್ವೇರ್ ಎನಿಕ್ಸ್ ಕೈಬಿಟ್ಟಾಗ ಐಒ ತಾನೇ ಸ್ವತಂತ್ರವಾಗಿ, ಹಿಟ್‌ಮ್ಯಾನ್ ಹಕ್ಕನ್ನೂ ಉಳಿಸಿಕೊಂಡಿತು. 2018ರಲ್ಲಿ ಎರಡನೆಯದು, 2021ರಲ್ಲಿ ಮೂರನೆಯದು. 2023ರ ಜನವರಿಯಲ್ಲಿ ಮೂರನ್ನೂ ಸೇರಿಸಿ ಒಂದೇ ಹೆಸರಿಟ್ಟರು, ಅದೇ ವರ್ಲ್ಡ್ ಆಫ್ ಅಸ್ಯಾಸಿನೇಷನ್. ಉದ್ದ ಹೆಸರಾದ್ದರಿಂದ ಮುಂದೆ ‘ಹೊಸದು’ ಅಂತಲೇ ಬರೆಯುತ್ತೇನೆ.

ಈ ಸರಣಿಯ ಜೀವ ಇರುವುದು ಬಂದೂಕಿನಲ್ಲಲ್ಲ, ಬಟ್ಟೆಯಲ್ಲಿ. ಅಡುಗೆಯವನ ಕೋಟು ಹಾಕಿದರೆ ಅಡುಗೆಮನೆಗೆ ದಾರಿ, ಕಾವಲುಗಾರನ ಸಮವಸ್ತ್ರ ಹಾಕಿದರೆ ಮೇಲಿನ ಮಹಡಿಗೆ ದಾರಿ. ಹಾಗಾದರೆ ವೇಷ ಹಾಕಿದವನನ್ನು ಯಾರು ಗುರುತು ಹಿಡಿಯಬೇಕು? ಈ ಒಂದು ನಿಯಮವನ್ನು ಮೂರು ಆಟಗಳು ಮೂರು ಥರ ಬರೆದಿವೆ. ನನ್ನ ಪ್ರಕಾರ ಮೂರರ ಹಣೆಬರಹ ನಿರ್ಧಾರವಾಗಿರುವುದೂ ಇಲ್ಲೇ.

ಬ್ಲಡ್ ಮನಿಯಲ್ಲಿ ನಿಯಮ ಸಡಿಲ. ಕಾವಲುಗಾರನ ಬಟ್ಟೆ ಹಾಕಿಕೊಂಡರೆ ಉಳಿದ ಕಾವಲುಗಾರರು ತಲೆ ಕೆಡಿಸಿಕೊಳ್ಳುವುದಿಲ್ಲ. ಕೈಯಲ್ಲಿ ಇರಬಾರದ ಆಯುಧ ಹಿಡಿದರೆ, ಓಡಿದರೆ, ಬೀಗ ಮೀಟುವಾಗ ಕಣ್ಣಿಗೆ ಬಿದ್ದರೆ ಮಾತ್ರ ಅನುಮಾನ. ಕಷ್ಟ ಕಡಿಮೆ, ಆದರೆ ಆಟ ಕೈ ಬಿಚ್ಚಿ ಆಡಿಸುತ್ತದೆ.

ಅಬ್ಸೊಲ್ಯೂಷನ್ ಇದನ್ನು ಬಿಗಿ ಮಾಡಲು ಹೋಗಿ ಉಸಿರು ಕಟ್ಟಿಸಿತು. ಅಲ್ಲಿ ಯಾವ ಬಟ್ಟೆ ಹಾಕುತ್ತೀರೋ ಅದೇ ಬಟ್ಟೆಯವರೆಲ್ಲ ನಿಮ್ಮನ್ನು ಅನುಮಾನಿಸುತ್ತಾರೆ. ಷಿಕಾಗೋ ಪೊಲೀಸ್ ವೇಷ ಹಾಕಿದರೆ ಅಲ್ಲಿರುವ ಪ್ರತಿ ಪೊಲೀಸನೂ ದೂರದಿಂದಲೇ ಕುತ್ತಿಗೆ ತಿರುಗಿಸುತ್ತಾನೆ. ಅಷ್ಟು ದೊಡ್ಡ ಊರಿನ ಪೊಲೀಸರಿಗೆ ಪರಸ್ಪರ ಎಲ್ಲರ ಮುಖವೂ ಗೊತ್ತಿದೆ ಅಂತ ನಂಬಬೇಕು. ಇದಕ್ಕೆ ಪರಿಹಾರವಾಗಿ ಆಟ ಕೊಟ್ಟದ್ದು ಇನ್‌ಸ್ಟಿಂಕ್ಟ್ ಅನ್ನುವ ಹಳದಿ ಪಟ್ಟಿ. ಒಂದು ಗುಂಡಿ ಒತ್ತಿ ಹಿಡಿದರೆ 47 ಕೈಯಿಂದ ಮುಖ ಮರೆಸಿಕೊಂಡು ದಾಟುತ್ತಾನೆ, ಪಟ್ಟಿ ಸೋರುತ್ತ ಹೋಗುತ್ತದೆ. ಕಷ್ಟದ ಮಟ್ಟ ಏರಿಸಿದರೆ ಪಟ್ಟಿ ತಾನಾಗಿ ತುಂಬುವುದಿಲ್ಲ. ಪಟ್ಟಿ ಖಾಲಿ ಆಯಿತೋ, ಮೈಮೇಲಿನ ಬಟ್ಟೆಗೆ ಅರ್ಥವೇ ಇಲ್ಲ. ಮೇಜಿನ ಹಿಂದೆ ಕೂತು, ಪೆಟ್ಟಿಗೆಯ ಹಿಂದೆ ತೆವಳಿ ಹೋಗುವುದೇ ಉಳಿದ ದಾರಿ. ಹಾಗೆ ತೆವಳುವುದಾದರೆ ವೇಷ ಯಾಕೆ ಬೇಕಿತ್ತು?

ತಮಾಷೆಯೆಂದರೆ ಅಬ್ಸೊಲ್ಯೂಷನ್‌ನಲ್ಲಿ ಚೆನ್ನಾಗಿ ಕೆಲಸ ಮಾಡುವ ವೇಷಗಳು ಊರಿಗೆ ಒಬ್ಬನೇ ಹಾಕುವಂಥವು. ಜೋಳದ ಹೊಲದ ಬೆದರುಬೊಂಬೆ, ಕೋರ್ಟಿನ ಜಡ್ಜು. ಅದೇ ಬಟ್ಟೆಯ ಎರಡನೆಯವನು ಇಲ್ಲದ ಕಾರಣ ಅನುಮಾನಪಡುವವರೂ ಇಲ್ಲ. ಈ ಆಟ ಆಗಲೇ ಕೊಂಡಿರುವವರು ಇಷ್ಟು ನೆನಪಿಟ್ಟುಕೊಳ್ಳಿ: ಹೆಚ್ಚು ಜನ ಹಾಕಿರುವ ಬಟ್ಟೆ ಮುಟ್ಟಬೇಡಿ, ಒಂಟಿ ಬಟ್ಟೆ ಹುಡುಕಿ.

ಹೊಸದು ಮಾಡಿದ ತಿದ್ದುಪಡಿ ಸಣ್ಣದು, ಪರಿಣಾಮ ದೊಡ್ಡದು. ಎಲ್ಲರೂ ಗುರುತು ಹಿಡಿಯುವುದಿಲ್ಲ, ಕೆಲವರು ಮಾತ್ರ ಹಿಡಿಯುತ್ತಾರೆ. ಮದುವೆ ಮನೆಯಲ್ಲಿ ಬಡಿಸುವವನು ಯಾರು ಅಂತ ಪಂಕ್ತಿಯಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ, ಅಡುಗೆ ಭಟ್ಟರಿಗೆ ಮಾತ್ರ ತಮ್ಮ ಹುಡುಗರ ಮುಖ ಗೊತ್ತಿರುತ್ತದಲ್ಲ, ಅದೇ ಲೆಕ್ಕ. ಹೀಗೆ ಗುರುತು ಹಿಡಿಯಬಲ್ಲವರ ತಲೆಯ ಮೇಲೆ ಬಿಳಿ ಚುಕ್ಕೆ ಕಾಣುತ್ತದೆ. ಆಟದ ಭಾಷೆಯಲ್ಲಿ ಇವರು ಎನ್‌ಫೋರ್ಸರ್‌ಗಳು. ಬಟ್ಟೆ ಬದಲಿಸಿದ ಕೂಡಲೇ ಚುಕ್ಕೆಗಳೂ ಬದಲಾಗುತ್ತವೆ. ಚುಕ್ಕೆಯವನ ಬೆನ್ನ ಹಿಂದೆ ಹಾಯಬಹುದು, ನಾಣ್ಯ ಎಸೆದು ಅತ್ತ ಕಳಿಸಬಹುದು, ಅಥವಾ ಗ್ಲಾಸು ಒರೆಸುವುದು, ನೆಲ ಗುಡಿಸುವುದು ಇಂಥ ಕೆಲಸಕ್ಕೆ ನಿಂತು ಅವನು ಹೋಗುವ ತನಕ ಜನರಲ್ಲಿ ಬೆರೆಯಬಹುದು. ಪಟ್ಟಿ ಸೋರುವ ಕಾಟ ಇಲ್ಲ. ಇನ್‌ಸ್ಟಿಂಕ್ಟ್ ಇಲ್ಲಿಯೂ ಇದೆ, ಆದರೆ ಅದು ಗೋಡೆಯಾಚೆ ಯಾರಿದ್ದಾರೆ ಎಂದು ನೋಡಲು, ಮುಖ ಮುಚ್ಚಲಲ್ಲ.

ಹೊಕ್ಕಾಯ್ಡೊ ಆಸ್ಪತ್ರೆಯಲ್ಲಿ ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದಿದ್ದಾರೆ. ಯಾವ ಬಟ್ಟೆ ಹಾಕಿದ್ದೀರಿ ಅನ್ನುವುದರ ಮೇಲೆ ಬಾಗಿಲುಗಳೇ ತೆರೆಯುತ್ತವೆ ಅಥವಾ ತೆರೆಯುವುದಿಲ್ಲ. ಸರಣಿಯ ಮೂಲ ಐಡಿಯಾವನ್ನು ಇಷ್ಟು ಚೊಕ್ಕವಾಗಿ ಕಟ್ಟಿದ ಮಿಷನ್ ಹಿಂದಿನ ಯಾವ ಆಟದಲ್ಲೂ ಇಲ್ಲ.

ಇನ್ನು ಜಾಗಗಳು. ಅಬ್ಸೊಲ್ಯೂಷನ್‌ನಲ್ಲಿ 20 ಮಿಷನ್ ಅಂತ ಲೆಕ್ಕ ಹೇಳುತ್ತದೆ. ಅದರಲ್ಲಿ ಬಹಳಷ್ಟು ಕಡೆ ಕೊಲ್ಲಬೇಕಾದವನೇ ಇಲ್ಲ, ಈ ಬಾಗಿಲಿಂದ ಆ ಬಾಗಿಲಿಗೆ ಸಿಕ್ಕಿಬೀಳದೆ ಹೋಗುವುದಷ್ಟೇ ಕೆಲಸ. ಒಂದು ಮಿಷನ್ನನ್ನೂ ಮೂರ್ನಾಲ್ಕು ತುಂಡು ಮಾಡಿ, ಬಾಗಿಲು ದಾಟಿದ ಮೇಲೆ ಹಿಂದಕ್ಕೆ ಹೋಗಲಾಗದಂತೆ ಮಾಡಿದ್ದಾರೆ. ಅಪವಾದ ಚೈನಾಟೌನ್. ಒಂದು ಚೌಕ, ನಡುವೆ ಮಂಟಪ, ಸುತ್ತ ಮಾರುಕಟ್ಟೆಯ ಜನ, ಅಲ್ಲಿ ಓಡಾಡುವ ಒಬ್ಬ ಗುರಿ. ಅವನ ಊಟಕ್ಕೆ ಫುಗು ಮೀನಿನ ವಿಷ ಬೆರೆಸಬಹುದು, ಮೇಲಿನ ಕಿಟಕಿಯಿಂದ ಗುಂಡು ಹೊಡೆಯಬಹುದು, ಕಾರಿಗೆ ಬಾಂಬು ಇಡಬಹುದು. ಈ ತಂಡಕ್ಕೆ ಹಳೆಯ ವಿದ್ಯೆ ಮರೆತಿರಲಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ. ಮರೆತಿರಲಿಲ್ಲ, ಬೇಡ ಅಂದುಕೊಂಡಿದ್ದರು, ಅಷ್ಟೇ.

ಹೊಸದರ ಒಂದೊಂದು ಜಾಗವೂ ಆ ಚೈನಾಟೌನಿನ ಎಷ್ಟೋ ಪಟ್ಟು ದೊಡ್ಡದು. ಮುಂಬೈ ಮಿಷನ್ನೇ ತೆಗೆದುಕೊಳ್ಳಿ, 2018ರ ಭಾಗದಲ್ಲಿ ಬರುತ್ತದೆ. ಗುರಿಗಳು ಮೂವರು: ಸಿನಿಮಾದವನಾದ ದಾವೂದ್ ರಂಗನ್, ರೈಲ್ವೆ ಯಾರ್ಡಿನ ಕಡೆ ಕೋಟೆ ಕಟ್ಟಿಕೊಂಡಿರುವ ವಾನ್ಯಾ ಶಾ, ಮತ್ತು ‘ಮೇಲ್‌ಸ್ಟ್ರಾಮ್’ ಎಂಬ ಹೆಸರಿನ ವಾಜಿರ್ ಕಾಳೆ. ಮೂರನೆಯವನ ಮುಖ ಹೇಗಿದೆ ಅಂತಲೇ ಶುರುವಿನಲ್ಲಿ ಗೊತ್ತಿರುವುದಿಲ್ಲ. ಅವನು ಚಾಳುಗಳ ನಡುವೆ ಸಾಮಾನ್ಯರಂತೆ ಓಡಾಡಿಕೊಂಡಿರುತ್ತಾನೆ. ಅವನು ಯಾರೆಂದು ಪತ್ತೆ ಮಾಡುವ ತನಕ ಕೆಂಪು ಗುರುತು ಬರುವುದಿಲ್ಲ. ದರ್ಜಿಯ ವೇಷದಲ್ಲಿ ಹೋಗಿ ಅಳತೆ ತೆಗೆಯುವ ನೆಪದಲ್ಲಿ ವಾನ್ಯಾ ಶಾ ಒಬ್ಬಳೇ ಸಿಗುವ ಹಾಗೆ ಮಾಡಿಕೊಳ್ಳಬಹುದು. ಕ್ಷೌರಿಕನ ವೇಷದಲ್ಲಿ ಮೇಲ್‌ಸ್ಟ್ರಾಮ್‌ನ ಗಡ್ಡಕ್ಕೆ ಕತ್ತಿ ಇಡಬಹುದು. ಅದೂ ಬೇಡ ಅಂದರೆ ‘ಕಶ್ಮೀರಿಯನ್’ ಎಂಬ ಇನ್ನೊಬ್ಬ ಬಾಡಿಗೆ ಹಂತಕ ಅದೇ ಊರಲ್ಲಿ ಕಾದು ಕೂತಿದ್ದಾನೆ. ಗುರಿಗಳನ್ನು ಅವನ ಕಣ್ಣಳತೆಗೆ ತಂದು ನಿಲ್ಲಿಸಿದರೆ ಗುಂಡು ಅವನೇ ಹೊಡೆಯುತ್ತಾನೆ, ನಿಮ್ಮ ಕೈಗೆ ಮಸಿ ಹತ್ತುವುದಿಲ್ಲ.

ಅಬ್ಸೊಲ್ಯೂಷನ್‌ನಲ್ಲೂ ಒಂದು ಕ್ಷೌರದಂಗಡಿ ಇದೆ, ಹೋಪ್ ಎಂಬ ಊರಿನಲ್ಲಿ. ಆದರೆ ಅಲ್ಲಿ ಲೆನ್ನಿ ಎಂಬ ರೌಡಿಯ ಗೆಳೆಯರ ಪಟ್ಟಿಯನ್ನು ಮೊದಲು ಮುಗಿಸಬೇಕು, ಆಮೇಲೆ ಅವನು, ಕೊನೆಯದನ್ನು ಕತೆಯ ದೃಶ್ಯವೇ ಮಾಡಿ ಮುಗಿಸುತ್ತದೆ. ಎರಡೂ ಅಂಗಡಿ ಹೊಕ್ಕು ಬಂದರೆ ವ್ಯತ್ಯಾಸ ಬೇರೆ ಹೇಳಬೇಕಾಗಿಲ್ಲ.

ಹೊಸದನ್ನು ಮೊದಲ ಸಲ ಆಡುವವರು ಪ್ಯಾರಿಸ್ಸಿನಲ್ಲಿ ಎಡವುವುದು ಹೆಚ್ಚು. ಅಲ್ಲಿ ಒಂದು ದಾರಿಯನ್ನು ಬಿಡಿಸಿ ಹೇಳುತ್ತೇನೆ, ಮಿಕ್ಕ ಊರುಗಳಿಗೂ ಇದೇ ಪಾಠ. ಅರಮನೆಯಲ್ಲಿ ಫ್ಯಾಷನ್ ಶೋ, ಇಬ್ಬರು ಗುರಿಗಳಲ್ಲಿ ಒಬ್ಬ ವಿಕ್ಟರ್ ನೊವಿಕೊವ್. ಅವನು ಸುತ್ತುತ್ತ ಕೆಳಗಿನ ಬಾರಿಗೆ ಬಂದು ತನ್ನ ಇಷ್ಟದ ಕಾಕ್‌ಟೇಲ್ ಕೇಳುತ್ತಾನೆ. ನಿಮಗೆ ಬೇಕಾದ್ದು ಎರಡು: ಬಾರಿನವನ ಬಟ್ಟೆ, ಮತ್ತು ಇಲಿ ಪಾಷಾಣ. ಪಾಷಾಣ ಅರಮನೆಯ ಆವರಣದಲ್ಲೇ ಹುಡುಕಿದರೆ ಸಿಗುತ್ತದೆ. ಈ ಆಟದಲ್ಲಿ ಇಲಿ ಪಾಷಾಣ ಕುಡಿದವರು ಸಾಯುವುದಿಲ್ಲ, ಹೊಟ್ಟೆ ತೊಳಸಿ ವಾಂತಿಗೆ ಓಡುತ್ತಾರೆ. ಲೋಟಕ್ಕೆ ಬೆರೆಸಿ, ಅವನು ಕುಡಿಯುವ ಮುಂಚೆಯೇ ಹತ್ತಿರದ ಶೌಚಾಲಯಕ್ಕೆ ಹೋಗಿ. ಒಳಗೆ ಬೇರೆ ಯಾರಾದರೂ ಇದ್ದರೆ ಮೊದಲು ಅವರನ್ನು ಹೊರಗೆ ಕಳಿಸುವ ಏರ್ಪಾಡು ಮಾಡಿ. ವಿಕ್ಟರ್ ಬಂದು ಬಗ್ಗಿದಾಗ ತಲೆ ನೀರಿಗೆ ಅದುಮಿದರೆ ಆಟ ಅದನ್ನು ಅಪಘಾತ ಅಂತ ಬರೆದುಕೊಳ್ಳುತ್ತದೆ. ಅಪಘಾತದ ಹೆಣ ಯಾರ ಕಣ್ಣಿಗೆ ಬಿದ್ದರೂ, ಸಿಕ್ಕಿಬೀಳದೆ ಮುಗಿಸಿದವರಿಗೆ ಸಿಗುವ ಸೈಲೆಂಟ್ ಅಸ್ಯಾಸಿನ್ ದರ್ಜೆ ಹೋಗುವುದಿಲ್ಲ.

ಇಲ್ಲಿ ಕೆಡುವುದು ಅಂಗರಕ್ಷಕನಿಂದ. ಅವನೂ ಹಿಂದೆಯೇ ಬರುತ್ತಾನೆ, ಮುಖ ನಿಮ್ಮ ಕಡೆಗೆ ಇದ್ದರೆ ಕತೆ ಮುಗಿಯಿತು. ಸಿಂಕಿನ ನಲ್ಲಿ ತಿರುಗಿಸಿ ನೀರು ಉಕ್ಕಿ ಹರಿಯುವಂತೆ ಬಿಟ್ಟರೆ ಅವನು ಅದನ್ನು ನಿಲ್ಲಿಸಲು ತಿರುಗುತ್ತಾನೆ. ಆ ಕೆಲವು ಸೆಕೆಂಡು ಸಾಕು. ಎಷ್ಟೋ ಜನ ಇಲ್ಲಿ ನಾಣ್ಯ ಎಸೆಯುತ್ತಾರೆ. ನಾಣ್ಯದ ಸದ್ದಿಗೆ ಒಬ್ಬನೇ ಬರುತ್ತಾನೆ ಅಂತ ಇಲ್ಲ, ಕೇಳಿಸಿದವರಲ್ಲಿ ಯಾರು ಬೇಕಾದರೂ ಬರಬಹುದು. ನಲ್ಲಿಯೇ ಮೇಲು. ಕೊನೆಯದಾಗಿ ಕ್ಯಾಮೆರಾ. ತಪ್ಪು ಮಾಡುವಾಗ ಸಿಸಿಟಿವಿಗೆ ಸಿಕ್ಕಿದ್ದರೆ ಭದ್ರತಾ ಕೋಣೆಗೆ ಹೋಗಿ ರೆಕಾರ್ಡಿಂಗ್ ಅಳಿಸಿಯೇ ಹೊರಡಬೇಕು, ಇಲ್ಲದಿದ್ದರೆ ದರ್ಜೆ ಸಿಗದು.

ಸಪಿಯೆಂಜಾ ಬಗ್ಗೆ ಬರೆಯಲು ಹೋದರೆ ಇನ್ನೊಂದು ಲೇಖನವೇ ಆಗುತ್ತದೆ. ಇಟಲಿಯ ಕಡಲತೀರದ ಊರು, ಬಂಗಲೆ, ಅದರಡಿಯಲ್ಲಿ ಪ್ರಯೋಗಾಲಯ. ಮನೋವೈದ್ಯನ ವೇಷದಲ್ಲಿ ಕೂತು ಸಿಲ್ವಿಯೊ ಕರೂಸೊನ ಸಂಕಟ ಪೂರ್ತಿ ಕೇಳಿಸಿಕೊಂಡು ದಿಂಬು ಕೈಗೆತ್ತಿಕೊಳ್ಳುವ ದಾರಿಯನ್ನು ತಪ್ಪಿಸಿಕೊಳ್ಳಬೇಡಿ. ಡಾರ್ಟ್‌ಮೂರಿನಲ್ಲಿ ಪತ್ತೇದಾರನಾಗಿ ನಿಜವಾಗಿಯೂ ಒಂದು ಕೊಲೆಯ ತನಿಖೆ ಮಾಡಬಹುದು. ಕೊಲರಾಡೊ ಸಪ್ಪೆ. ಕಾರ್ಪೇಥಿಯನ್ ಬೆಟ್ಟದ ರೈಲು ಅಬ್ಸೊಲ್ಯೂಷನ್‌ನ ಭೂತ ಮತ್ತೆ ಮೈಮೇಲೆ ಬಂದಂತಿದೆ, ಒಂದು ಸಲ ಮುಗಿಸಿದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಸೇವ್ ವಿಷಯ. ಬ್ಲಡ್ ಮನಿಯಲ್ಲಿ ಕಷ್ಟದ ಮಟ್ಟ ಏರಿದಂತೆ ಸೇವ್‌ಗಳ ಸಂಖ್ಯೆ ಇಳಿಯುತ್ತದೆ, ಮಿಷನ್ ನಡುವೆ ಆಟದಿಂದ ಹೊರಬಂದರೆ ಅವೂ ಹೋಗುತ್ತವೆ. ಅಬ್ಸೊಲ್ಯೂಷನ್‌ನಲ್ಲಿ ನಿಮ್ಮಿಷ್ಟಕ್ಕೆ ಸೇವ್ ಮಾಡುವ ಹಾಗೇ ಇಲ್ಲ. ನೆಲದಲ್ಲಿ ಅಲ್ಲಲ್ಲಿ ಚೆಕ್‌ಪಾಯಿಂಟ್ ಇದೆ, ಹುಡುಕಿ ಮುಟ್ಟಬೇಕು. ಅದರಿಂದ ಮತ್ತೆ ಶುರು ಮಾಡಿದರೆ ಆಗಲೇ ಮಲಗಿಸಿದ್ದ ಕಾವಲುಗಾರರೆಲ್ಲ ಎದ್ದು ತಮ್ಮ ಜಾಗದಲ್ಲಿ ನಿಂತಿರುತ್ತಾರೆ! ಹೊಸದರಲ್ಲಿ ಅತಿ ಕಷ್ಟದ ಮಾಸ್ಟರ್ ಮಟ್ಟ ಬಿಟ್ಟರೆ ಯಾವಾಗ ಬೇಕಾದರೂ ಸೇವ್ ಮಾಡಬಹುದು. ಮಾಸ್ಟರ್‌ನಲ್ಲಿ ಮಿಷನ್ನಿಗೆ ಒಂದೇ ಸೇವ್, ಜೊತೆಗೆ ರಕ್ತ ಚೆಲ್ಲುವಂತೆ ಕೊಂದರೆ ಆ ಬಟ್ಟೆ ಕೆಲಸಕ್ಕೆ ಬಾರದು. ಗುರಿಯ ಗತಿಗೆ ಕಾದು ಕೂರುವ ಆಟದಲ್ಲಿ ಇದೇ ಸರಿಯಾದ ಹಂಚಿಕೆ.

ಇಷ್ಟೆಲ್ಲ ಹೊಗಳಿದ ಮೇಲೆ ಹೊಸದರ ಹುಳುಕು. ಇದಕ್ಕೆ ಸ್ವಲ್ಪ ಜಾಗ ಬೇಕು, ಯಾಕೆಂದರೆ ಕೊಂಡವರ ತಲೆನೋವಿಗೆ ಹೆಚ್ಚಿನ ಕಾರಣ ಇದೊಂದೇ: ಒಬ್ಬರೇ ಆಡುವ ಈ ಆಟಕ್ಕೆ ಇಂಟರ್ನೆಟ್ಟು ಸದಾ ಬೇಕು.

ಬೇಕು ಅಂದರೆ, ಇಲ್ಲದೆಯೂ ಆಟ ತೆರೆಯುತ್ತದೆ, ಕತೆಯ ಮಿಷನ್‌ಗಳೂ ನಡೆಯುತ್ತವೆ. ಆದರೆ ಅಂಕ ಇಲ್ಲ, ಚಾಲೆಂಜ್ ಲೆಕ್ಕಕ್ಕಿಲ್ಲ. ದೊಡ್ಡ ಊರುಗಳಿಗೆಲ್ಲ 20 ಮೆಟ್ಟಿಲಿನ ಮಾಸ್ಟರಿ ಇದೆ. ಮೆಟ್ಟಿಲು ಏರಿದಂತೆ ಹೊಸ ಆರಂಭದ ಜಾಗ, ಮೊದಲೇ ಸಾಮಾನು ಬಚ್ಚಿಡಿಸುವ ಜಾಗ, ಹೊಸ ಉಪಕರಣ ಸಿಗುತ್ತವೆ. ಈ ಆಟವನ್ನು ಮತ್ತೆ ಮತ್ತೆ ಆಡಿಸುವುದೇ ಅದು. ನೆಟ್ ಇಲ್ಲದಿದ್ದರೆ ಮಾಸ್ಟರಿ ಏರುವುದಿಲ್ಲ, ಮೊದಲೇ ಗಳಿಸಿದ ಸಾಮಾನೂ ಕೈಗೆ ಬರುವುದಿಲ್ಲ. ಕತೆಯ ಹೊರಗಿನ ಮೋಡ್‌ಗಳಾದ ಕಾಂಟ್ರಾಕ್ಟ್ಸ್, ಎಸ್ಕಲೇಷನ್, ಫ್ರೀಲ್ಯಾನ್ಸರ್ ಯಾವುದೂ ತೆರೆಯುವುದಿಲ್ಲ. ಉಳಿಯುವುದು ಆಟದ ಎಲುಬುಗೂಡು.

ಇನ್ನೊಂದು ಕಿರಿಕಿರಿ ಸೇವ್‌ನದ್ದು. ಆನ್‌ಲೈನ್ ಇದ್ದಾಗ ಮಾಡಿದ ಸೇವ್ ಆಫ್‌ಲೈನ್‌ನಲ್ಲಿ ತೆರೆಯುವುದಿಲ್ಲ, ಆಫ್‌ಲೈನ್‌ನದ್ದು ಆನ್‌ಲೈನ್‌ನಲ್ಲಿ ತೆರೆಯುವುದಿಲ್ಲ. ಮಿಷನ್ ನಡುವೆ ಸಂಪರ್ಕ ಕಡಿದರೆ ಆಟ ತಾನಾಗಿ ನಿಂತು, ಮತ್ತೆ ಪ್ರಯತ್ನಿಸುತ್ತೀರಾ ಅಥವಾ ಬಿಟ್ಟು ಹೋಗುತ್ತೀರಾ ಎಂದು ಕೇಳುತ್ತದೆ. ಅವಸರದಲ್ಲಿ ಬಿಟ್ಟು ಹೋಗುವುದನ್ನು ಒತ್ತಿ, ಆಫ್‌ಲೈನ್‌ನಲ್ಲಿ ಮುಂದುವರಿಸೋಣ ಅಂದುಕೊಂಡರೆ ಮೆನುಗೆ ಬಂದು ಬೀಳುತ್ತೀರಿ, ಸೇವ್ ಅಲ್ಲಿ ಕಾಣುವುದೇ ಇಲ್ಲ. ಸೇವ್ ಅಳಿಸಿಹೋಗಿಲ್ಲ, ನೆಟ್ ಬಂದ ಮೇಲೆ ಅದರ ಜಾಗದಲ್ಲೇ ಇರುತ್ತದೆ. ಗಾಬರಿಯಾಗಿ ಮಿಷನ್ ಹೊಸದಾಗಿ ಶುರು ಮಾಡಬೇಡಿ.

ನಮ್ಮ ಊರುಗಳಲ್ಲಿ ಇದಕ್ಕೆ ಮಾಡಿಕೊಳ್ಳಬೇಕಾದ ಏರ್ಪಾಡು ಇಷ್ಟು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನ ಕಡೆ, ಕರೆಂಟು ಹೋದಾಗ ಕಂಪ್ಯೂಟರು ಯುಪಿಎಸ್ ಮೇಲೆ ಉಳಿದುಕೊಂಡರೂ ಫೈಬರ್ ಪೆಟ್ಟಿಗೆ ಬೇರೆ ಪ್ಲಗ್ಗಿನಲ್ಲಿ ಇರುವುದರಿಂದ ಆರಿಹೋಗುತ್ತದೆ. ಲ್ಯಾಪ್‌ಟಾಪಿನವರಿಗೂ ಇದೇ ಪಾಡು. ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಹಾಕಿ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಓದಿಕೊಳ್ಳಿ. ಹೆಚ್ಚಿನವು 12 ವೋಲ್ಟಿನವು, 9 ವೋಲ್ಟಿನವೂ ಇವೆ. ಫೈಬರ್ ಪೆಟ್ಟಿಗೆ, ವೈಫೈ ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ವಿದ್ಯುತ್ ಬೇಕು, ಒಂದಕ್ಕೆ ಕೊಟ್ಟು ಪ್ರಯೋಜನ ಇಲ್ಲ.

ಲೈನೇ ಕಡಿದಿದ್ದರೆ ಫೋನಿನ ಹಾಟ್‌ಸ್ಪಾಟ್ ಸಾಕು. ಆಡುವಾಗ ಹೋಗಿಬರುವ ಡೇಟಾ ಬಹಳ ಕಡಿಮೆ. ವೇಗ ಮುಖ್ಯವಲ್ಲ, ಕಡಿಯದೆ ಇರುವುದು ಮುಖ್ಯ. ಪರದೆಯ ಮೇಲಿನ ಪ್ರಶ್ನೆಯನ್ನು ಹಾಗೇ ಬಿಟ್ಟು, ಕಂಪ್ಯೂಟರನ್ನು ಹಾಟ್‌ಸ್ಪಾಟಿಗೆ ಸೇರಿಸಿ, ಆಮೇಲೆ ಮತ್ತೆ ಪ್ರಯತ್ನಿಸುವ ಗುಂಡಿ ಒತ್ತಿ. ಮೊದಲು ಗುಂಡಿ ಆಮೇಲೆ ಹಾಟ್‌ಸ್ಪಾಟ್ ಮಾಡಬೇಡಿ. ಸ್ಟೀಮ್‌ನ ಬೇರೆ ಆಟಗಳ ಅಪ್‌ಡೇಟು ಹಿಂದಿನಿಂದ ಇಳಿಯುತ್ತಿದ್ದರೆ ಅದನ್ನು ನಿಲ್ಲಿಸಿ, ಇಲ್ಲವಾದರೆ ದಿನದ ಡೇಟಾ ಅಲ್ಲೇ ಮುಗಿಯುತ್ತದೆ. ಮನೆಯಲ್ಲಿ ನೆಟ್ಟೇ ಇಲ್ಲದವರಿಗೆ, ದಿನಕ್ಕೆ ನಾಲ್ಕು ಸಲ ಕಡಿಯುವವರಿಗೆ ಈ ಆಟ ನಾನು ಹೇಳುವುದಿಲ್ಲ. ಅವರಿಗೆ ಬ್ಲಡ್ ಮನಿ.

ಈ ದೂರು ನಮ್ಮೊಬ್ಬರದ್ದಲ್ಲ. 2021ರಲ್ಲಿ 2016ರ ಆಟವನ್ನು ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಬಿಟ್ಟಾಗ, ಕಾಪಿ ತಡೆ ಬೀಗ ಇಲ್ಲದ ಆಟ ಮಾತ್ರ ಮಾರುತ್ತೇವೆ ಅನ್ನುವ ಜಾಗದಲ್ಲಿ ಇದೇನು ಅಂತ ಗಿರಾಕಿಗಳು ತಿರುಗಿಬಿದ್ದರು. ಕೆಲವೇ ವಾರಗಳಲ್ಲಿ ಅಲ್ಲಿಂದ ತೆಗೆದರು. ಇನ್ನು ಸರ್ವರ್ ಒಂದು ದಿನ ಮುಚ್ಚಿದರೆ ಏನು ಗತಿ ಅನ್ನುವ ಅಳುಕು ಬರೀ ಅಳುಕಲ್ಲ. ಅಬ್ಸೊಲ್ಯೂಷನ್‌ನಲ್ಲಿ ನಿಜಕ್ಕೂ ಚೆನ್ನಾಗಿದ್ದ ಒಂದು ಭಾಗ ಕಾಂಟ್ರಾಕ್ಟ್ಸ್ ಮೋಡ್, ಆಟಗಾರರೇ ಗುರಿ ಗೊತ್ತು ಮಾಡಿ ಇತರರಿಗೆ ಸವಾಲು ಹಾಕುವುದು. ಅದರ ಸರ್ವರ್ 2018ರಲ್ಲಿ ನಿಂತಿತು. ಈಗ ಆ ಆಟ ಕೊಳ್ಳುವವರಿಗೆ ಅದು ಸಿಗುವುದಿಲ್ಲ, ದರ ಇಳಿದರೂ ಕೊಳ್ಳಬೇಡಿ ಅನ್ನಲು ನನಗೆ ಅದೂ ಒಂದು ಕಾರಣ. ಹೊಸದಕ್ಕೆ ಅಭಿಮಾನಿಗಳೇ ‘ಪೀಕಾಕ್’ ಎಂಬ ಬದಲಿ ಸರ್ವರ್ ಬರೆದಿದ್ದಾರೆ, ನಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ. ಪಿಸಿಯಲ್ಲಿ ಸ್ವಲ್ಪ ಕೈ ಪಳಗಿದವರಿಗೆ ಅದು ಆಗಬಹುದು, ಕನ್ಸೋಲಿನವರಿಗೆ ಆ ದಾರಿ ಇಲ್ಲ.

ಬ್ಲಡ್ ಮನಿ ಗೆಲ್ಲುವುದು ಇಲ್ಲೇ. ಒಮ್ಮೆ ಇಳಿಸಿಕೊಂಡರೆ ಆಯಿತು, ಯಾರ ಅಪ್ಪಣೆಯೂ ಬೇಡ. ಜೊತೆಗೆ ಹೊಸದರಲ್ಲೂ ಇಲ್ಲದ ಎರಡು ವಿಷಯ ಇದರಲ್ಲಿದೆ. ಒಂದು, ಸಂಪಾದಿಸಿದ ದುಡ್ಡಿನಲ್ಲಿ ಬಂದೂಕಿಗೆ ಒಂದೊಂದೇ ಭಾಗ ಹಾಕಿಸುವುದು. ಎರಡು, ಕುಖ್ಯಾತಿ. ಸಾಕ್ಷಿಗಳನ್ನು ಬಿಟ್ಟು ಬಂದರೆ ಮಿಷನ್ ಮುಗಿದಾಗ ಪತ್ರಿಕೆಯಲ್ಲಿ ವರದಿ ಬರುತ್ತದೆ, ಮುಂದಿನ ಮಿಷನ್ನಿನಲ್ಲಿ ಜನ ಬೇಗ ಗುರುತು ಹಿಡಿಯುತ್ತಾರೆ. ಅದನ್ನು ಇಳಿಸಲು ಲಂಚ ಕೊಡಬೇಕು. ಪ್ಯಾರಿಸ್ ಒಪೆರಾ ಮಿಷನ್ನಿನ ದಾರಿ ಇಂದಿಗೂ ಸರಣಿಯ ಕಿರೀಟ: ನಾಟಕದ ರಿಹರ್ಸಲ್ಲಿನಲ್ಲಿ ಬಳಸುವ ಸುಳ್ಳು ಪಿಸ್ತೂಲಿನ ಜಾಗದಲ್ಲಿ ನಿಜವಾದದ್ದನ್ನು ಇಟ್ಟು ಬಂದರೆ, ರಂಗದ ಮೇಲೆ ಸಹನಟನೇ ಗುರಿಯನ್ನು ಕೊಲ್ಲುತ್ತಾನೆ. ಕೊಲೆಯನ್ನು ಅಪಘಾತದಂತೆ ಕಾಣಿಸುವ ಪದ್ಧತಿ ಸರಿಯಾಗಿ ಬೇರೂರಿದ್ದೂ ಈ ಆಟದಿಂದಲೇ.

ಅದರ ಕೊರತೆಗಳು ವಯಸ್ಸಿನವು. ಯಾರನ್ನಾದರೂ ಕೊಲ್ಲದೆ ಮಲಗಿಸಬೇಕಾದರೆ ಕೈಯಲ್ಲಿರುವ ಮಂಪರು ಚುಚ್ಚುಮದ್ದು ಎರಡೇ. ಅದು ಮುಗಿದರೆ ಬಂದೂಕು ತೋರಿಸಿ ಹಿಡಿದು ತಲೆಗೆ ಹೊಡೆಯಬೇಕು. ಹೊಸದರಲ್ಲಿ ಹಿಂದಿನಿಂದ ಕತ್ತು ಅದುಮಿದರೆ ಸಾಕು, ಎಷ್ಟು ಜನರನ್ನಾದರೂ. ಹೊಸ ಮಾನಿಟರಿನಲ್ಲಿ ಬ್ಲಡ್ ಮನಿಯ ಪಟ್ಟಿಯಲ್ಲಿ ಬೇಕಾದ ರೆಸಲ್ಯೂಷನ್ ಕಾಣದಿದ್ದರೆ ಆಟದ ಫೋಲ್ಡರಿನಲ್ಲಿರುವ ಐಎನ್‌ಐ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ರೆಸಲ್ಯೂಷನ್ ಸಾಲಿನಲ್ಲಿ ನಿಮ್ಮ ಪರದೆಯ ಅಳತೆ ಬರೆದು ಉಳಿಸಿ. ಫೋನಿನಲ್ಲೇ ಆಡುವವರಿಗೆ ಇದರದ್ದೇ ‘ರಿಪ್ರೈಸಲ್’ ಎಂಬ ರೂಪ 2023ರ ಕೊನೆಯಲ್ಲಿ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಬಂತು. ಗೋಡೆಯಾಚೆ ನೋಡುವ ಇನ್‌ಸ್ಟಿಂಕ್ಟ್ ಸೌಲಭ್ಯವನ್ನೂ ಅದರಲ್ಲಿ ಸೇರಿಸಿದ್ದಾರೆ. ಬಸ್ಸಿನಲ್ಲಿ ಆಡುವುದಾದರೆ ಅದೇ.

ಕತೆ: ಮೂರರಲ್ಲೂ ಕತೆಗಾಗಿ ಆಡಬೇಕಿಲ್ಲ. ಬಂದೂಕಿನ ಕಾಳಗ: ಅಬ್ಸೊಲ್ಯೂಷನ್ನೇ ಮುಂದು, ಆದರೆ ಈ ಸರಣಿಯಲ್ಲಿ ಕಾಳಗ ಶುರುವಾದರೆ ಸೋತ ಹಾಗೆಯೇ. ಅಂಕ ಕೊಡುವ ರೀತಿ: ಅಬ್ಸೊಲ್ಯೂಷನ್ ಪ್ರತಿ ಹೆಜ್ಜೆಗೂ ಪರದೆಯ ಮೂಲೆಯಲ್ಲಿ ಅಂಕ ಕಡಿದು ಕೂಡಿಸಿ ತೋರಿಸಿ ರೇಗಿಸುತ್ತದೆ.

ಫ್ರೀಲ್ಯಾನ್ಸರ್ ಬಗ್ಗೆ ಹೇಳದಿದ್ದರೆ ಹೊಸದಕ್ಕೆ ಅನ್ಯಾಯ. 2023ರಲ್ಲಿ ಪುಕ್ಕಟೆಯಾಗಿ ಸೇರಿಸಿದ್ದು. ಅದೇ ಊರುಗಳು, ಆದರೆ ಗುರಿ ಪ್ರತಿ ಸಲ ಬೇರೆ. ನಾಲ್ಕು ಗ್ಯಾಂಗುಗಳನ್ನು ಒಂದಾದ ಮೇಲೊಂದರಂತೆ ಮುಗಿಸಬೇಕು. ಪ್ರತಿ ಗ್ಯಾಂಗಿನ ಕೊನೆಯಲ್ಲಿ ಹಲವು ಶಂಕಿತರಲ್ಲಿ ನಾಯಕ ಯಾರು ಅಂತ ಗುರುತಿಸಬೇಕು. ಕನ್ನಡಕ, ಟೋಪಿ, ಹಚ್ಚೆ, ಕಿವಿಯೋಲೆ, ಸಿಗರೇಟಿನ ಚಟ, ಪುಸ್ತಕ ಓದುವ ಅಭ್ಯಾಸ ಇಂಥ ಸುಳಿವುಗಳು ಮೊದಲೇ ಸಿಕ್ಕಿರುತ್ತವೆ. ತಪ್ಪು ಮನುಷ್ಯನನ್ನು ಹೊಡೆದರೆ ನಿಜವಾದವನು ಓಡುತ್ತಾನೆ. ಕನ್ನಡಕ, ಟೋಪಿ ನೋಡಿದೊಡನೆ ಗೊತ್ತಾಗುತ್ತವೆ. ಚಟ ಗೊತ್ತಾಗಲು ಹಿಂದೆ ಸುತ್ತಿ ಕಾಯಬೇಕು, ಹಾಗಾಗಿ ಮೊದಲು ಕಣ್ಣಿಗೆ ಕಾಣುವ ಗುರುತಿನಿಂದ ಪಟ್ಟಿ ಸಣ್ಣದು ಮಾಡಿಕೊಂಡು ಆಮೇಲೆ ಚಟಕ್ಕೆ ಕಾಯಿರಿ.

ಇಲ್ಲಿ ಮಿಷನ್ ನಡುವೆ ಸೇವ್ ಇಲ್ಲ. ಸತ್ತರೆ ಒಯ್ದ ಸಾಮಾನೆಲ್ಲ ಹೋಗುತ್ತದೆ, ಮರ್ಸೆಸ್ ಎಂಬ ದುಡ್ಡಿನಲ್ಲೂ ಅರ್ಧ ಹೋಗುತ್ತದೆ. ನಡುವೆ ಆಟ ಮುಚ್ಚಿಬಿಟ್ಟರೂ ಸೋಲೆಂದೇ ಲೆಕ್ಕ. ಹಾಗಾಗಿ ಮೋಡ ಕವಿದ ಸಂಜೆ ಫ್ರೀಲ್ಯಾನ್ಸರ್‌ಗೆ ಕೈ ಹಾಕಬೇಡಿ, ಕತೆಯ ಮಿಷನ್ ಆಡಿ. ಸೈಲೆನ್ಸರ್ ಇರುವ ಒಳ್ಳೆಯ ಪಿಸ್ತೂಲು ಸಿಕ್ಕಿದೆ ಅಂತ ಸಣ್ಣ ಕೆಲಸಕ್ಕೂ ಒಯ್ಯಬೇಡಿ. ಊರಲ್ಲೇ ಸಿಗುವ ಸ್ಕ್ರೂಡ್ರೈವರು, ವ್ರೆಂಚು, ಇಲಿ ಪಾಷಾಣದಲ್ಲಿ ಮುಗಿಸಿ, ಒಳ್ಳೆಯದನ್ನು ಕೊನೆಯ ಮಿಷನ್ನಿಗೆ ಇಟ್ಟುಕೊಳ್ಳಿ.

ಹೊಸದನ್ನು ಕೊಂಡ ಕೂಡಲೇ ಒಂದು ಸೆಟ್ಟಿಂಗ್ ಬದಲಿಸಿ. ಮಿಷನ್ ಸ್ಟೋರಿ ಮಾರ್ಗದರ್ಶನ ಪೂರ್ತಿ ಇದ್ದರೆ ಎಲ್ಲಿ ಹೋಗಬೇಕು, ಏನು ಎತ್ತಿಕೊಳ್ಳಬೇಕು ಅಂತ ಬೆರಳು ಹಿಡಿದು ನಡೆಸುತ್ತದೆ. ಪ್ರತಿ ಊರನ್ನು ಮೊದಲ ಸಲ ಹಾಗೆ ಆಡಿ, ಎರಡನೆಯ ಸಲ ಕನಿಷ್ಠಕ್ಕೆ ಇಳಿಸಿ, ಆಮೇಲೆ ಪೂರ್ತಿ ಆರಿಸಿ. ಊರಿನ ಬೀದಿಗಳು ತಲೆಯಲ್ಲಿ ಕೂತ ಮೇಲೆಯೇ ಈ ಆಟ ಶುರುವಾಗುವುದು. ಒಂದೇ ಸಲ ಆಡಿ ಮುಗಿಸಿ ಮುಂದಿನದಕ್ಕೆ ಹೋಗುವ ಅಭ್ಯಾಸದವರಿಗೆ ಇದು ದುಬಾರಿ ಅನ್ನಿಸುತ್ತದೆ, ಅವರು ಪೂರ್ತಿ ದರ ಕೊಡುವ ಅಗತ್ಯವೇ ಇಲ್ಲ. ವಾರಕ್ಕೆ ಒಂದೆರಡು ಸಂಜೆ ಮಾತ್ರ ಸಿಗುವವರಿಗೆ, ಒಂದೇ ಆಟವನ್ನು ವರ್ಷಗಟ್ಟಲೆ ಜಗಿಯುವವರಿಗೆ ಇದಕ್ಕಿಂತ ಲಾಭದ ಖರೀದಿ ಕಡಿಮೆ.

ಕೊಳ್ಳುವಾಗ ಆವೃತ್ತಿಯ ಹೆಸರು ಗಮನಿಸಿ. ‘ಪಾರ್ಟ್ ಒನ್’ ಅಂತ ಇರುವುದು 2016ರ ಊರುಗಳಷ್ಟೇ. ಬಜೆಟ್ ಬಿಗಿಯಿದ್ದರೆ ಅದೂ ಸಾಕು, ಪ್ಯಾರಿಸ್, ಸಪಿಯೆಂಜಾ, ಹೊಕ್ಕಾಯ್ಡೊ ಮೂರೂ ಅದರಲ್ಲೇ ಇವೆ. ಮುಂಬೈ ಬೇಕಾದರೆ ಪೂರ್ತಿಯದೇ ಆಗಬೇಕು. ನ್ಯೂಯಾರ್ಕಿನ ಬ್ಯಾಂಕು, ಹೇವನ್ ದ್ವೀಪ ಡೀಲಕ್ಸ್ ಭಾಗದಲ್ಲಿ ಬಂದಿದ್ದವು, ಹಾಗಾಗಿ ಪುಟದ ಕೆಳಗಿನ ಪಟ್ಟಿಯಲ್ಲಿ ಆ ಎರಡು ಹೆಸರು ಇವೆಯೇ ನೋಡಿಕೊಂಡು ದುಡ್ಡು ಕಟ್ಟಿ. ನ್ಯೂಯಾರ್ಕ್ ಬ್ಯಾಂಕ್ ಒಂದಕ್ಕೇ ಬೇಕಾದರೂ ಮೇಲಿನ ದುಡ್ಡು ಕೊಡಬಹುದು. ಸೆವೆನ್ ಡೆಡ್ಲಿ ಸಿನ್ಸ್ ಪ್ಯಾಕನ್ನು ಬಿಡಿಯಾಗಿ ಕೊಳ್ಳಬೇಡಿ. ಅದರಲ್ಲಿ ಹೊಸ ಊರು ಒಂದೂ ಇಲ್ಲ, ಹಳೆಯ ಊರುಗಳಲ್ಲೇ ಬಣ್ಣ ಬಳಿದ ಸವಾಲುಗಳು.